ಹೆಸರು ಹೇಳದ ಪ್ರಾರ್ಥನೆ

ಮಾರ್ಚ್ 3, 2024. ಭಾನುವಾರ

ಬೆಳಗಿನ ಐದೂವರೆಯ ಪ್ರಾರ್ಥನೆ ಕಾಲ್. ಡಲ್ಲಾಸ್‌ನವರು ಈ ಸಲವೂ ತಡ. ಯಾರೋ ಮ್ಯೂಟ್ ಮಾಡದೆ ಮಿಕ್ಸಿ ಹಾಕಿದರು. ವಸಂತಾ ಇರಬೇಕು, ಕಾಯರ್‌ನಲ್ಲೂ ಅವಳ ಸದ್ದೇ ಮೇಲೆ. ನಾನೇ ನಡೆಸಿಕೊಟ್ಟೆ. ಚೆನ್ನಾಗಿ ಬಂತು. ಆಮೆನ್ ಆದ ಮೇಲೂ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಾನು ಪ್ರಾರ್ಥಿಸಿದಾಗ ಮಾತ್ರ ಹೀಗಾಗುತ್ತೆ. (ಇದನ್ನು ಬರೆಯಬಾರದೇನೋ. ಯಾರು ಓದುತ್ತಾರೆ, ಬಿಡು.)

ಮಧ್ಯಾಹ್ನ ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ನಲ್ಲಿ ಕನ್ನಡ ಆರಾಧನೆ. ಅಮೆರಿಕನ್ನರ ಚರ್ಚ್, ಮೂರರಿಂದ ಐದು ನಮ್ಮದು. ಆಮೇಲೆ ಕಾಫಿ, ಚುರುಮುರಿ. ನಮ್ಮ ಪಾದ್ರಿ ಅಯ್ಯನವರು ಶುಭ ಶುಕ್ರವಾರದ ಮಾತೆತ್ತಿದರು. ಮುಂದಿನ ವಾರ ಏಳು ಮಾತುಗಳ ಹಂಚಿಕೆಯಂತೆ. ಹಂಚಿಕೆ ಏನು ಬಂತು? ಯೇಸು ಶಿಲುಬೆಯ ಮೇಲಿಂದ ಆಡಿದ ಏಳು ಮಾತು, ಏಳು ಜನ, ಮೂರು ಗಂಟೆ. ಮೊದಲನೆಯದು, ಕ್ಷಮೆಯ ಮಾತು, ನನ್ನದು. ಈ ಫೆಲೋಶಿಪ್ ನಮ್ಮ ಮನೆಯ ಗರಾಜಿನಲ್ಲಿ ಶುರುವಾದಾಗಿನಿಂದ ನನ್ನದು. ಹೊಸ ಪಾಯಿಂಟ್ ಒಂದೆರಡು ಹೊಳೆದಿವೆ.

ಮಾರ್ಚ್ 5, ಮಂಗಳವಾರ

ಇಂದುಮತಿ ಬಂದಿದ್ದಳು. ಮೈಸೂರಿನವಳು. ಆಸ್ಟಿನ್‌ನಲ್ಲಿದ್ದಳು. ಮಗಳು ಇನ್ನೂ ಸ್ಕೂಲಿನಲ್ಲಿದ್ದಾಗ ಗಂಡ ಹೈವೇ ಆಕ್ಸಿಡೆಂಟಿನಲ್ಲಿ ಹೋದ, ಆಮೇಲೆ ಇಲ್ಲಿಗೆ ಶಿಫ್ಟ್ ಆದಳು. ಎನರ್ಜಿ ಕಾರಿಡಾರ್‌ನ ಒಂದು ಆಯಿಲ್ ಕಂಪನಿಯಲ್ಲಿ ಕೆಲಸ. ಮಾತು ಕಮ್ಮಿ. ನಾನು ಫಾರ್ಮಸಿಸ್ಟ್ ಆಗಿದ್ದವಳು ಅಂತ ಒಂದು ಔಷಧಿ ಕೇಳೋಕೆ ಬಂದದ್ದು: ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಪಟ್ಟಿ, ಎಷ್ಟು ದಿನ ತಗೋಬೇಕು, ಏನಾದರೂ ತೊಂದರೆಯಾ ಅಂತ. ಆ ಔಷಧಿ ಯಾರಿಗೆ ಕೊಡುತ್ತಾರೆ ಅಂತ ನನಗೆ ಗೊತ್ತು: ಮಾತ್ರೆಯ ಚಟ ಬಿಡುವವರಿಗೆ. ಸುಮ್ಮನೆ ಅವಳ ಮುಖ ನೋಡಿದೆ. ಅವಳಿಗೆ ಅಳು ಒಡೆಯಿತು.

ಮಗಳು ನಿಹಾರಿಕಾ. ಆಸ್ಟಿನ್‌ನಲ್ಲಿ ಎಂ.ಎಸ್. ಮಂಡಿ ಆಪರೇಷನ್ ಆದಾಗ ಕೊಟ್ಟ ನೋವಿನ ಮಾತ್ರೆ ಬಿಡೋಕಾಗದೆ, ಬೇರೆ ಬೇರೆ ಕಡೆಯಿಂದ ತಗೊಂಡು... ಈಗ ಓದು ನಿಲ್ಲಿಸಿ, ಚಟ ಬಿಡಬೇಕೆಂದವರು ಜೊತೆಯಾಗಿರುವ ಒಂದು ಮನೆಯಲ್ಲಿದ್ದಾಳೆ. ಮೂರು ತಿಂಗಳಿಂದ ಮುಟ್ಟಿಲ್ಲ.

"ನಿಮ್ಮೊಬ್ರಿಗೇ ಹೇಳ್ತಿರೋದು ಅಕ್ಕಾ. ಅಯ್ಯನೋರಿಗೂ ಹೇಳಿಲ್ಲ. ಜನಕ್ಕೆ ಗೊತ್ತಾದ್ರೆ ಮಗು ತಡ್ಕೊಳಲ್ಲ."

"ನನ್ನ ಹೊಟ್ಟಿಯೊಳಗ ಇರ್ತದ. ಚಿಂತಿ ಮಾಡಬ್ಯಾಡ," ಅಂದೆ.

ಕೈ ಹಿಡಿದು ಪ್ರಾರ್ಥಿಸಿದೆ. ಅವಳ ಕೈ ಐಸ್ ಆಗಿತ್ತು. ಪಾಪ ಅನ್ನಿಸಿತು. ನಮ್ಮ ಮಕ್ಕಳನ್ನು ನಾವು ಎಷ್ಟು ಚೆನ್ನಾಗಿ ಬೆಳೆಸಿದೆವು ಅಂತಲೂ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಮಾರ್ಚ್ 10, ಭಾನುವಾರ

ಮೊದಲನೇ ಮಾತು ಇಂದುಮತಿಗೆ!

ನನಗೆ ಐದನೆಯದು. ಬಾಯಾರಿಕೆ. "ಹೊಸಬರಿಗೂ ಅವಕಾಶ ಆಗಲಿ ಅಂತ, ಸಲೋಮಿ ಅಮ್ಮಾ" — ಅಯ್ಯನವರ ನಗು ಬೇರೆ. ನಾನೂ ನಕ್ಕೆ. "ಆಗ್ಲಿ, ಆಗ್ಲಿ, ಸೇವೆ ಯಾವುದಾದ್ರೇನು." ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ.

ಇಂದುಮತಿ ಹತ್ತಿರ ಬಂದಳು. "ಅಕ್ಕಾ, ನಾನು ಕೇಳಿರಲಿಲ್ಲ. ನೀವೇ ಮಾಡಿ, ನಂಗೆ ನಿಂತು ಮಾತಾಡೋಕೇ ಬರಲ್ಲ." ಬಿಟ್ಟುಕೊಡುವುದರಲ್ಲೂ ಎಷ್ಟು ವಿನಯ! ಅದು ಇನ್ನೂ ಉರಿಸಿತು. "ಬರಲ್ಲ ಅಂದ್ರ ಕಲೀಬೇಕು," ಅಂದುಬಿಟ್ಟೆ.

ಮನೆಗೆ ಬಂದು ಇವರಿಗೆ ಹೇಳಿದರೆ ಟಿವಿಯಿಂದ ಕಣ್ಣು ತೆಗೆಯದೆ, "ಛಲೋ ಆತಲ್ಲ. ಐದನೇದು ಸಣ್ಣ ಮಾತು, ಲಗೂ ಮುಗೀತದ." ಇವರ ಜೊತೆ ಬಾಳಿದ್ದಕ್ಕೇ ನನಗೆ ಪರಲೋಕ ಗ್ಯಾರಂಟಿ.

ಮಾರ್ಚ್ 13, ಬುಧವಾರ

ಕ್ಷಮೆ ಬಗ್ಗೆ ಅವಳಿಗೇನು ಗೊತ್ತು? ಮಗಳನ್ನೇ ನೋಡಿಕೊಳ್ಳಲಿಲ್ಲ. ಇಂಥದ್ದನ್ನು ಮನೆಯಲ್ಲಿ ಇಟ್ಟುಕೊಂಡು ಪುಲ್ಪಿಟ್ ಹತ್ತೋದು ಸರಿಯಾ? ಅಯ್ಯನವರಿಗೆ ಗೊತ್ತಿದ್ದರೆ ಕೊಡುತ್ತಿದ್ದರಾ?

ಹೇಳುವುದಿಲ್ಲ. ಮಾತು ಕೊಟ್ಟಿದ್ದೇನೆ.

ಮಾರ್ಚ್ 20, ಬುಧವಾರ

ಬೆಳಿಗ್ಗೆ ಕಾಲ್‌ನಲ್ಲಿ ಇಂದುಮತಿಗಾಗಿ ಪ್ರಾರ್ಥಿಸಿದೆ. ಹೆಸರು ಹೇಳಲಿಲ್ಲ. ಅದು ನೆನಪಿರಲಿ — ಹೆಸರು ಹೇಳಲಿಲ್ಲ.

ಕರ್ತನೇ, ನಮ್ಮ ಮಧ್ಯದಲ್ಲೇ ಇರುವ ಒಬ್ಬ ವಿಧವೆ ತಾಯಿಯ ಮೇಲೆ ಕರುಣೆ ಇಡು, ಆಸ್ಟಿನ್‌ನಲ್ಲಿ ಮಾತ್ರೆಗಳ ಬಂಧನಕ್ಕೆ ಬಿದ್ದ ಅವಳ ಮಗಳನ್ನು ಬಿಡಿಸು, ಶುಭ ಶುಕ್ರವಾರ ನಮ್ಮೆಲ್ಲರ ಮುಂದೆ ನಿಲ್ಲಬೇಕಾದ ಆ ತಾಯಿಗೆ ಬಲ ಕೊಡು. ಇಷ್ಟೇ. ಅಲ್ಲಲ್ಲಿ ಅಯ್ಯೋ, ಸ್ತೋತ್ರ ಕರ್ತಾ ಅನ್ನುವ ದನಿಗಳು ಕೇಳಿದವು. ಕೊನೆಗೆ ಎಲ್ಲರ ಆಮೆನ್.

ಪ್ರಾರ್ಥನೆ ಪ್ರಾರ್ಥನೆಯೇ. ಹತ್ತು ಜನ ಮೊರೆಯಿಟ್ಟರೆ ಆ ಹುಡುಗಿಗೇ ಒಳ್ಳೆಯದು. ಕಾಲ್ ಮುಗಿದು ಹತ್ತು ನಿಮಿಷಕ್ಕೆ ವಸಂತಾಳ ಮೆಸೇಜ್: "ಅಕ್ಕಾ, ನಮ್ಮ ನಿಹಾರಿಕಾನಾ??? ನಾನು ಸಂಡೇ ಸ್ಕೂಲಲ್ಲಿ ಕಲಿಸಿದ ಮಗು!" ನಾನು ಕೈಮುಗಿದ ಚಿತ್ರ ಒಂದು ಕಳಿಸಿದೆ. ಹೌದು ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ.

ಮಾರ್ಚ್ 24, ಗರಿಗಳ ಭಾನುವಾರ

ಎಲ್ಲರೂ ಇಂದುಮತಿಯನ್ನು ತಬ್ಬಿಕೊಂಡದ್ದೇ ತಬ್ಬಿಕೊಂಡದ್ದು. ಡಲ್ಲಾಸ್‌ನಿಂದ ಬಂದವರು ಕೂಡ. "ಸ್ಟ್ರಾಂಗ್ ಆಗಿರಿ." ಅವಳು ಗರಿ ಹಿಡಿದು ನಿಂತು, ಹೂಂ, ಹೂಂ ಅನ್ನುತ್ತಿದ್ದಳು. ನನ್ನ ಹತ್ತಿರ ಬಂದು ಎಂದಿನ ಹಾಗೇ, "ಅಕ್ಕಾ, ಊಟ ಆಯ್ತಾ?"

ಅವಳಿಗೆ ಗೊತ್ತಿಲ್ಲ. ಒಳ್ಳೆಯದಾಯಿತು. ಚುರುಮುರಿ ತಟ್ಟೆಯನ್ನು ಹಾಗೇ ಇವರ ಕೈಗೆ ಕೊಟ್ಟೆ.

ಮಾರ್ಚ್ 26, ಮಂಗಳವಾರ. ಸಂಜೆ, ಆಸ್ಟಿನ್‌ನ ಒಂದು ಮೋಟೆಲ್

ಬರೆಯಲೇಬೇಕು. ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಇಂದುಮತಿಯ ಫೋನ್. "ನಿಹಾರಿಕಾ ಆ ಮನೆ ಬಿಟ್ಟು ಹೋಗಿದಾಳೆ ಅಕ್ಕಾ. ಫೋನ್ ಆಫ್. ನಂಗೆ ಹೈವೇಲಿ ಡ್ರೈವ್ ಮಾಡೋಕೆ ಆಗಲ್ಲ, ನಿಮಗೆ ಗೊತ್ತಲ್ಲ... ನೀವು ಬರ್ತೀರಾ?" ಯಾಕೆ ಹೋದಳು ಅಂತ ಕೇಳಿದೆ. ನಿನ್ನೆ ವಸಂತಾ ಆ ಹುಡುಗಿಗೇ ಫೋನ್ ಮಾಡಿದ್ದಳಂತೆ, ಧೈರ್ಯ ಹೇಳೋಕೆ! ಹ್ಯೂಸ್ಟನ್‌ನಲ್ಲಿ ಎಲ್ಲರೂ ನಿನಗಾಗಿ ಪ್ರಾರ್ಥಿಸುತ್ತಿದ್ದೇವೆ ಅಂದಳಂತೆ. ರಾತ್ರಿಯೇ ಬ್ಯಾಗ್ ತಗೊಂಡು ಹೊರಟಿದ್ದಾಳೆ. ಇಂಥ ಸ್ಥಿತಿಯಲ್ಲಿ ಮತ್ತೆ ಮಾತ್ರೆಗೆ ಕೈ ಹಾಕಿದರೆ ಏನಾಗುತ್ತೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ತಿಂಗಳುಗಟ್ಟಲೆ ಬಿಟ್ಟ ಮೈ ಹಳೇ ಡೋಸ್ ತಡೆಯುವುದಿಲ್ಲ. ಉಸಿರೇ ನಿಲ್ಲುತ್ತೆ.

ಇವರಿಗೆ ಒಂದೇ ಮಾತು ಹೇಳಿ ಕಾರು ತೆಗೆದೆ.

290 ಹೈವೇಯಲ್ಲಿ ಆಸ್ಟಿನ್ ಕಡೆಗೆ. ಬ್ರೆನ್‌ಹ್ಯಾಮ್ ದಾಟುವಾಗ ರಸ್ತೆಯ ಎರಡೂ ಕಡೆ ಬ್ಲೂಬಾನೆಟ್, ಕಣ್ಣು ಹಾಯಿಸಿದಷ್ಟು ನೀಲಿ. ಜನ ಕಾರು ನಿಲ್ಲಿಸಿ ಮಕ್ಕಳನ್ನು ಹೂವಿನ ನಡುವೆ ಕೂರಿಸಿ ಫೋಟೋ ತೆಗೆಯುತ್ತಿದ್ದರು. ಇಂದುಮತಿ ಕಣ್ಣು ಮುಚ್ಚಿ ಕೂತಿದ್ದಳು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಅದನ್ನು ನೋಡಿದೆ, ತಡೆಯಲಾಗಲಿಲ್ಲ.

"ಇಂದೂ. ನಾನs ಹೇಳಿದ್ದು. ಕಾಲ್‌ನೊಳಗ. ಹೆಸರು ತಗೊಳ್ಳಲಿಲ್ಲ, ಆದರ ಎಲ್ಲಾರಿಗೂ ತಿಳಿಯೂ ಹಂಗ ಹೇಳಿದೆ. ತಿಳೀಲಿ ಅಂತನs ಹೇಳಿದೆ."

ಆ ಕೊನೆಯ ವಾಕ್ಯ ಬಾಯಿಂದ ಬೀಳುವವರೆಗೆ ನನಗೇ ಗೊತ್ತಿರಲಿಲ್ಲ.

ಅವಳು ಕಣ್ಣು ತೆರೆಯಲಿಲ್ಲ. "ಗೊತ್ತು ಅಕ್ಕಾ. ನಾನೂ ಇದ್ದೆ ಕಾಲಲ್ಲಿ. ಮ್ಯೂಟಲ್ಲಿ."

ಗಿಡ್ಡಿಂಗ್ಸ್‌ನ ಗ್ಯಾಸ್ ಸ್ಟೇಷನ್‌ಗೆ ಕಾರು ತಿರುಗಿಸಿ ನಿಲ್ಲಿಸಿದೆ. ಅಂದರೆ ಕೇಳಿಸಿಕೊಂಡಿದ್ದಾಳೆ. ತನ್ನ ಮನೆಯ ಮಾನವನ್ನು ನಾನು ಇಂಪಾದ ದನಿಯಲ್ಲಿ ಬೀದಿಗೆ ಹಾಕುತ್ತಿದ್ದುದನ್ನು ಮೊದಲಿಂದ ಕೊನೆವರೆಗೆ ಕೇಳಿದ್ದಾಳೆ. ಆಮೇಲೂ ಭಾನುವಾರ ಬಂದು ಊಟ ಆಯ್ತಾ ಅಂದಿದ್ದಾಳೆ!

"ಮತ್ತ... ಆಗ ಏನು ಮಾಡಿದಿ?"

"ಆಮೆನ್ ಅಂದೆ."

ಅವಳೇ ಮುಂದುವರಿಸಿದಳು. "ಕೇಳ್ತಾ ಇದ್ದ ಹಾಗೇ ಮೈ ಉರೀತು. ಲೈನಲ್ಲೇ ನಿಮ್ಮನ್ನ ಬೈದ್ಬಿಡೋಣ ಅನ್ನಿಸ್ತು. ಆದ್ರೆ ಬಿಡಿಸು ಅಂತ ಕೇಳಿದ್ರಲ್ಲ, ಅದು ನನ್ನ ಮಗಳಿಗೇ ತಾನೇ? ಅಷ್ಟು ಜನ ಅವಳಿಗೋಸ್ಕರ ಬೇಡ್ಕೋತಿದ್ದಾಗ ನಾನೊಬ್ಳು ಆಮೆನ್ ಅನ್ನದೆ ಹೇಗಿರ್ಲಿ ಅಕ್ಕಾ? ನೀವು ಯಾಕೆ ಕೇಳಿದ್ರೋ, ಅದು ನಿಮಗೂ ದೇವರಿಗೂ ಬಿಟ್ಟಿದ್ದು."

"ನನ್ನ ಮ್ಯಾಲೆ ಸಿಟ್ಟಿಲ್ಲ?"

"ಇದೆ. ಈಗ್ಲೂ ಇದೆ. ಬೆಳಿಗ್ಗೆ ಫೋನ್ ಹಿಡ್ಕೊಂಡು ಯಾರಿಗೆ ಮಾಡ್ಲಿ ಅಂತ ಕೂತಿದ್ದೆ. ನಿಮ್ಮನ್ನ ಬಿಟ್ಟು ಬೇರೆ ಯಾರಿಗಾದ್ರೂ ಮಾಡಿದ್ರೆ, ಇನ್ನು ಯಾವತ್ತೂ ನಿಮಗೆ ಮಾಡಲ್ಲ ಅನ್ನಿಸ್ತು. ಅದಕ್ಕೆ ಭಯ ಆಯ್ತು. ನಿಮಗೇ ಮಾಡಿದೆ."

ಇಷ್ಟು ಹೇಳಿ ಬಾಗಿಲು ತೆಗೆದು, "ಕಾಫಿ ತರ್ತೀನಿ, ನಿಮಗೆ ಸಕ್ಕರೆ ಕಮ್ಮಿ ಅಲ್ವಾ," ಅಂತ ಇಳಿದು ಹೋದಳು.

ಸ್ಟೀರಿಂಗ್ ಹಿಡಿದು ಕೂತೆ. ಭಯವೋ ಸಂತೋಷವೋ ತಿಳಿಯಲಿಲ್ಲ. ದೊಡ್ಡದೊಂದರ ಹತ್ತಿರ ಬಂದುಬಿಟ್ಟಿದ್ದೇನೆ, ಚಪ್ಪಲಿ ಬಿಡಬೇಕು ಅನ್ನಿಸಿತು. ಗ್ಯಾಸ್ ಸ್ಟೇಷನ್‌ನಲ್ಲಿ! ಇಷ್ಟು ವರ್ಷ ಕ್ಷಮೆಯ ಬಗ್ಗೆ ಮಾತಾಡಿದ್ದೇನೆ. ಮೂಲಭಾಷೆಯ ಅರ್ಥ, ಮೂರು ಪಾಯಿಂಟ್, ಒಂದು ದೃಷ್ಟಾಂತ. ಕಣ್ಣಾರೆ ನೋಡಿರಲಿಲ್ಲ. ಅದು ಎರಡು ಪೇಪರ್ ಲೋಟ ಹಿಡಿದುಕೊಂಡು, ಮೊಣಕೈಯಿಂದ ಬಾಗಿಲು ತಳ್ಳಿಕೊಂಡು ಬಂತು.

ಆಸ್ಟಿನ್‌ನಲ್ಲಿ ಸಿಗಲಿಲ್ಲ. ಆ ಮನೆಯ ಒಬ್ಬ ಹುಡುಗಿ, ಡಲ್ಲಾಸ್ ಹತ್ತಿರ ರಿಚರ್ಡ್‌ಸನ್‌ನಲ್ಲಿ ಪ್ರಗತಿ ಅಂತ ಗೆಳತಿ ಇದ್ದಾಳೆ ಅಂದಳು, ಅಡ್ರೆಸ್ ಕೊಟ್ಟಳು. ಪ್ರಗತಿ ಫೋನ್ ಎತ್ತುತ್ತಿಲ್ಲ. ಬೆಳಿಗ್ಗೆ ಬೇಗ ಹೊರಡೋದು. ಪಕ್ಕದ ಮಂಚದಲ್ಲಿ ಇಂದುಮತಿ ಗೋಡೆ ಕಡೆ ತಿರುಗಿದ್ದಾಳೆ. ನಿದ್ದೆ ಮಾಡಿಲ್ಲ.

ಕರ್ತನೇ, ಆ ಮಗು ಉಸಿರಾಡುತ್ತಿರಲಿ. ಬೇರೆ ಏನೂ ಕೇಳಲ್ಲ.

ಮಾರ್ಚ್ 27, ಬುಧವಾರ. ರಿಚರ್ಡ್‌ಸನ್, ಕಾರಿನಲ್ಲಿ

ಸಿಕ್ಕಳು. ಜೀವ ಇದೆ. ಏನೂ ತಗೊಂಡಿಲ್ಲ. ದೇವರೇ, ದೇವರೇ.

ಪ್ರಗತಿ ಬಾಗಿಲು ತೆಗೆದಳು. ನಿಹಾರಿಕಾ ಸೋಫಾದಲ್ಲಿ ಕಂಬಳಿ ಹೊದ್ದು ಕೂತಿದ್ದಳು, ಗುಬ್ಬಚ್ಚಿಯಷ್ಟಾಗಿದ್ದಾಳೆ. ಇಂದುಮತಿ ಬ್ಯಾಗು ಎಸೆದು ಓಡಿ ತಬ್ಬಿಕೊಂಡಳು. ತಾಯಿಯ ಹೆಗಲ ಮೇಲಿಂದ ಹುಡುಗಿ ನನ್ನನ್ನು ನೋಡಿದಳು.

"ವೈ ಈಸ್ ಶೀ ಹಿಯರ್?"

"ಅಕ್ಕನೇ ಕಣೇ ಕರ್ಕೊಂಡು ಬಂದಿದ್ದು."

"ಅಮ್ಮಾ, ಶೀ ಪ್ರೇಡ್ ಅಬೌಟ್ ಮಿ. ಆನ್ ಎ ಕಾನ್ಫರೆನ್ಸ್ ಕಾಲ್. ವಸಂತಾ ಆಂಟಿ ಟೋಲ್ಡ್ ಮಿ." ಆಮೇಲೆ ನನ್ನ ಕಡೆಗೆ, ನಿಧಾನವಾಗಿ, ಕನ್ನಡದಲ್ಲಿ: "ಆಂಟಿ, ನೀವು ಅಳಬೇಡಿ. ಪ್ಲೀಸ್. ನೀವು ಅತ್ರೆ ನಾನು ನಿಮ್ಮನ್ನ ಸಮಾಧಾನ ಮಾಡ್ಬೇಕಾಗುತ್ತೆ. ನಂಗೆ ಆಗಲ್ಲ. ಹೊರಗಿರಿ."

ಹೊರಗೆ ಬಂದೆ. ಅವಳು ಹೇಳಿದ್ದು ಸರಿ. ಅಳಲಿಲ್ಲ.

ಮಧ್ಯಾಹ್ನ ಇಂದುಮತಿ ಒಂದು ತಟ್ಟೆಯಲ್ಲಿ ಅನ್ನ, ಮೊಸರು, ಉಪ್ಪಿನಕಾಯಿ ತಂದು ಕಾರಿನಲ್ಲಿ ಪಕ್ಕದಲ್ಲಿ ಕೂತಳು. ತಾನು ಇಲ್ಲೇ ಇರುತ್ತಾಳಂತೆ. ಇಲ್ಲಿಯೇ ಒಬ್ಬ ಡಾಕ್ಟರ್ ಸಿಕ್ಕಿದ್ದಾರೆ.

"ನೀವು ಹೋಗಿ ಅಕ್ಕಾ. ಶುಕ್ರವಾರದ ಮೊದಲನೇ ಮಾತು ನೀವೇ ಮಾಡಿ. ಅಯ್ಯನೋರಿಗೆ ಫೋನ್ ಮಾಡಿ ಹೇಳಿದೀನಿ."

"ನನ್ನಿಂದ ಆಗೂದಿಲ್ಲ ಇಂದೂ. ಮಾಡಿದರ, ಎಲ್ಲಾರ ಮುಂದ ನಿಂತು ನನ್ನ ತಪ್ಪು ಒಪ್ಕೋತೀನಿ."

ಅವಳು ನನ್ನ ಕಡೆ ತಿರುಗಿದಳು. ಮೊದಲ ಸಲ ದನಿ ಗಡುಸಾಯಿತು. "ಅದೊಂದು ಮಾಡ್ಬೇಡಿ. ನೀವು ಅಲ್ಲಿ ನಿಂತು ಒಪ್ಕೊಂಡ್ರೆ ಮತ್ತೆ ನನ್ನ ಮಗಳ ಸುದ್ದಿನೇ ಆಗುತ್ತೆ. ನಿಮಗೆ ಹಗುರ ಆಗುತ್ತೆ, ನಿಜ. ಅವಳಿಗೆ?"

ಪೆಟ್ಟು ನೆಟ್ಟಗೆ ಬಿತ್ತು. ಯಾಕೆಂದರೆ ಮನಸ್ಸಿನೊಳಗೆ ಆ ತಪ್ಪೊಪ್ಪಿಗೆಯ ಸಾಕ್ಷಿಯನ್ನು ಆಗಲೇ ಕಟ್ಟುತ್ತಿದ್ದೆ. ಎಲ್ಲಿ ದನಿ ಇಳಿಸಬೇಕು, ಎಲ್ಲಿ ನಿಲ್ಲಿಸಬೇಕು... ಎಂಥ ಹೆಮ್ಮೆ ಇದು! ಪಶ್ಚಾತ್ತಾಪದ ಸೀರೆ ಉಟ್ಟುಕೊಂಡು ಮತ್ತೆ ಪುಲ್ಪಿಟ್ ಹತ್ತೋಕೆ ಹೊರಟಿತ್ತು.

ಮಾರ್ಚ್ 29, ಶುಭ ಶುಕ್ರವಾರ

ನಿಂತೆ. ಎಲ್ಲರೂ ಬಿಳಿ ಬಟ್ಟೆ. ಫ್ಯಾನಿನ ಸದ್ದು. ಮೊದಲನೇ ಮಾತನ್ನು ಓದಿದೆ: ತಂದೆಯೇ, ಅವರನ್ನು ಕ್ಷಮಿಸು, ತಾವು ಏನು ಮಾಡುತ್ತೇವೆಂಬುದನ್ನು ಅರಿಯರು. ಓದುತ್ತಾ ಓದುತ್ತಾ ಹೊಳೆಯಿತು: ಮೊಳೆ ಹೊಡೆದವರು ಇನ್ನೂ ಅಲ್ಲೇ ನಿಂತಿದ್ದಾರೆ. ಯಾರೂ ಕ್ಷಮೆ ಕೇಳಿಲ್ಲ. ಕೇಳುವ ಮೊದಲೇ ಆಗಿಹೋಗಿದೆ. ಇಷ್ಟು ಸಲ ಓದಿಯೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮೈ ಜುಮ್ಮೆಂದಿತು. ಗ್ಯಾಸ್ ಸ್ಟೇಷನ್‌ನಲ್ಲಿ ಆದ ಹಾಗೆಯೇ.

"ಕ್ಷಮೆ ಬಗ್ಗೆ ನನಗೆ ಗೊತ್ತಿದೆ ಅಂದುಕೊಂಡಿದ್ದೆ. ಗೊತ್ತಿಲ್ಲ. ಈ ವಾರ ಅದನ್ನು ಹತ್ತಿರದಿಂದ ನೋಡಿದೆ. ಮಾತಾಡೋಕೆ ಭಯವಾಗುತ್ತೆ," ಅಂದೆ. ಕೂತುಬಿಟ್ಟೆ.

ಜನಕ್ಕೆ ಗಾಬರಿ. ಅಯ್ಯನವರು ಅವಸರದಲ್ಲಿ ಕೀರ್ತನೆ ಎತ್ತಿಸಿದರು. ವಸಂತಾ ನೀರಿನ ಬಾಟಲಿ ಹಿಡಿದು ಬಗ್ಗಿ ಬಂದು, "ಅಕ್ಕಾ, ಬಿ.ಪಿ. ಮಾತ್ರೆ ತಗೊಂಡಿದೀರಾ?" ಇವಳಿಂದಲೇ ಎಲ್ಲಾ ಅಂತ ಬೈಯಲು ಬಾಯಿ ತೆರೆದೆ. ಯಾವ ಬಾಯಿಂದ ಬೈಯಲಿ? ನೀರು ಕುಡಿದೆ. ಆಮೇಲೆ ಹೊರಗೆ ಕರೆದು ಹೇಳಿದೆ: ತಪ್ಪು ನನ್ನದು, ಇನ್ನು ಆ ಹುಡುಗಿಗೆ ಯಾರೂ ಫೋನ್ ಮಾಡಬಾರದು, ಆ ವಿಷಯ ಯಾರೂ ಆಡಬಾರದು. ಅವಳು ಅಳಲು ಶುರು ಮಾಡಿದಳು. ಅವಳು ಒಳ್ಳೆಯದೇ ಮಾಡುತ್ತಿದ್ದೇನೆ ಅಂದುಕೊಂಡಿದ್ದಳು. ನನಗೆ ಆ ನೆಪವೂ ಇಲ್ಲ.

ಮನೆಗೆ ಬರುವಾಗ ಇವರು, "ಇವತ್ತ ಭಾಳ ಛಲೋ ಮಾತಾಡಿದಿ."

"ಏನು ಮಾತಾಡಿದೆ? ನಾಕು ಮಾತು."

"ಅದಕ್ಕs ಅಂದೆ."

ಮಾರ್ಚ್ 31, ಈಸ್ಟರ್

ಬೆಳಗಿನ ಕಾಲ್ ನಡೆಸಲಿಲ್ಲ. ಡಲ್ಲಾಸ್‌ನವರೊಬ್ಬರಿಗೆ ಕೊಟ್ಟೆ. ಮ್ಯೂಟ್‌ನಲ್ಲಿ ಕೂತು ಕೇಳಿದೆ. ಅವರು ತಡವರಿಸಿ ತಡವರಿಸಿ ಪ್ರಾರ್ಥಿಸಿದರು. ಇಷ್ಟು ಚೆನ್ನಾದದ್ದು ಕೇಳಿ ಎಷ್ಟು ವರ್ಷವಾಯಿತು.

ನಿಹಾರಿಕಾ ಹೇಗಿದ್ದಾಳೆ ಅಂತ ಕೇಳಿ ಇಂದುಮತಿಗೆ ಮೆಸೇಜ್ ಟೈಪ್ ಮಾಡಿದೆ. ಅಳಿಸಿದೆ. ನನಗೆ ತಿಳಿಯುವ ಹಕ್ಕಿಲ್ಲ.

ಏಪ್ರಿಲ್ 6, ಶನಿವಾರ

ಇಂದುಮತಿ ಫೋನ್. ಹುಡುಗಿ ಔಷಧಿ ತಗೊಳ್ಳುತ್ತಿದ್ದಾಳೆ, ಊಟ ಮಾಡುತ್ತಿದ್ದಾಳೆ, ನಿನ್ನೆ ನಕ್ಕಳಂತೆ.

"ಸೋಮವಾರ ಬನ್ನಿ ಅಕ್ಕಾ. ಡಲ್ಲಾಸಲ್ಲಿ ಪೂರ್ತಿ ಸೂರ್ಯಗ್ರಹಣ."

"ನಾ ಬರಲಿ ಅಂತ ನಿಹಾರಿಕಾ ಅಂದಳೇನು?"

"ಇಲ್ಲ. ಬರಬೇಡಿ ಅಂತಾನೂ ಅನ್ಲಿಲ್ಲ."

ಇವರು ಬರುವುದಿಲ್ಲವಂತೆ. "ನಿನ್ನ ಕೆಲಸ ಅದು. ನೀ ಒಬ್ಬಾಕಿನs ಹೋಗು."

ಏಪ್ರಿಲ್ 8, ಸೋಮವಾರ. ರಿಚರ್ಡ್‌ಸನ್, ಪಾರ್ಕಿನಲ್ಲಿ

ಜಾತ್ರೆಯಷ್ಟು ಜನ. ಮಡಚುವ ಕುರ್ಚಿ, ನಾಯಿ, ಕೂಲರ್. ಬೆಳಗಿನಿಂದ ಮೋಡ ಕಣ್ಣಾಮುಚ್ಚಾಲೆ. ಹುಲ್ಲಿನ ಮೇಲೆ, ಮರಕ್ಕೆ ಒರಗಿ ಕೂತು ಬರೆಯುತ್ತಿದ್ದೇನೆ. ಇಂದುಮತಿ ಪಕ್ಕದಲ್ಲಿ. ನಿಹಾರಿಕಾ ಪ್ರಗತಿಯ ಜೊತೆ ದೂರದಲ್ಲಿ ನಿಂತಿದ್ದಾಳೆ. ಬಂದಾಗ ನನ್ನನ್ನು ನೋಡಿ ತಲೆ ಆಡಿಸಿದಳು, ಅಷ್ಟೇ. ಅಷ್ಟಕ್ಕೇ ಮುನ್ನೂರು ಮೈಲಿಯಾದರೂ ಡ್ರೈವ್ ಮಾಡಬಹುದು.

ನಾನು ಗ್ರಹಣದ ಕನ್ನಡಕ ತಂದಿಲ್ಲ. ಹ್ಯೂಸ್ಟನ್‌ನಲ್ಲಿ ಎಲ್ಲಾ ಕಡೆ ಖಾಲಿ. ಪರವಾಗಿಲ್ಲ. ನೆಲ ನೋಡಿಕೊಂಡಿರುತ್ತೇನೆ. ಮರದ ಕೆಳಗೆ ಎಲೆಗಳ ಸಂದಿಯಿಂದ ಬಿದ್ದ ಬಿಸಿಲೆಲ್ಲ ಕುಡುಗೋಲು ಕುಡುಗೋಲಾಗಿದೆ. ನೂರಾರು. ನನ್ನ ಸೀರೆಯ ಮೇಲೂ. ಸುಮ್ಮನೆ ಕೂತವಳ ಮೇಲೆ ಹೀಗೆ ಬೀಳುತ್ತಿದೆ, ಕೇಳದೆಯೇ.

ಬಿಸಿಲಿದೆ, ಆದರೆ ತಣ್ಣಗಿದೆ. ಹಕ್ಕಿಗಳು ಸುಮ್ಮನಾದವು. ಜನರ ಗದ್ದಲವೂ ಇಳಿಯುತ್ತಿದೆ. ಮೋಡ ಸರಿಯಿತು. ಇಂದುಮತಿ ಕನ್ನಡಕ ಹಾಕಿಕೊಂಡು ಬಾಯಿ ತೆರೆದು ಮೇಲೆ ನೋಡುತ್ತಿದ್ದಾಳೆ, ಚಿಕ್ಕ ಮಗುವಿನ ಹಾಗೆ. "ಅಕ್ಕಾ, ಅಯ್ಯೋ ಅಕ್ಕಾ," ಅಂತ ನನ್ನ ಮೊಣಕೈ ಹಿಡಿದಿದ್ದಾಳೆ. ಅಕ್ಷರ ವಕ್ರ ಆಗುತ್ತಿದೆ.

ನಿಹಾರಿಕಾ ಈ ಕಡೆ ಬರುತ್ತಿದ್ದಾಳೆ. ಒಬ್ಬಳೇ. ಕಾಗದದ ಕನ್ನಡಕ ಒಂದು ಹಣೆಯ ಮೇಲಿದೆ. ಕೈಯಲ್ಲಿ ಇನ್ನೊಂದು. ಅವಳ ತಾಯಿಯ ಹತ್ತಿರ ಆಗಲೇ ಇದೆಯಲ್ಲ, ಹಾಗಾದರೆ ಇದು